ಬಿಡುವ ಉಸಿರಿನ ಮಾತು

ತುಟಿಯ ಮೇಲೆ ಉಣ್ಣೆಯ ಎಳೆಯೊಂದು ಬಂದು ಕೂತಿದೆ, ಊದಿದರೆ ಹಾರಿಹೋಗುತ್ತದೆ, ಆದರೆ ಊದಿದರೆ ಉಸಿರಿನ ಲಯ ತಪ್ಪುತ್ತದೆ, ಇರಲಿ ಬಿಡು ಅಂದುಕೊಂಡು ಓಬಕ್ಕ ರಾಟೆ ತಿರುಗಿಸಿದಳು, ಎಡಗೈ ಹಿಂದಕ್ಕೆ ಸರಿದು ಎಳೆ ಉದ್ದವಾಗುವಾಗ ಉಸಿರು ಒಳಗೆ, ಬೀರಪ್ಪ — ಎಳೆ ಕದಿರಿಗೆ ಸುತ್ತಿಕೊಳ್ಳುವಾಗ ಉಸಿರು ಹೊರಗೆ, ಬ್ಯಾಡ — ಬೀರಪ್ಪ, ಬ್ಯಾಡ, ಇಷ್ಟೇ ಅವಳಿಗೆ ಬರುವ ಪ್ರಾರ್ಥನೆ, ಅವ್ವನದು, ಅವ್ವ ಕಲಿಸಿದ್ದೂ ಅಲ್ಲ, ನೂಲುವ ಅವ್ವನ ಬೆನ್ನಿಗೆ ಒರಗಿ ಕೂತಾಗ ಬೆನ್ನಿನಿಂದಲೇ ಕಿವಿಗೆ ಇಳಿದದ್ದು, ಏನು ಬೇಡ ಎಂದು ಆಗ ಕೇಳಿರಲಿಲ್ಲ, ಹಟ್ಟಿಗೆ ತೋಳ ಬೇಡ, ಕುರಿಗೆ ರೋಗ ಬೇಡ, ಅಂಥದ್ದೇ ಇರಬೇಕು ಅಂದುಕೊಂಡಿದ್ದಳು, ಆಮೇಲೆ ಅದು ಮಾತೇ ಅಲ್ಲ, ಉಸಿರು, ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ಗಂಡನ ಮಗ್ಗುಲಲ್ಲಿ ಮಲಗಿದಾಗಲೂ ತಾನಾಗಿ ಬರುತ್ತಿತ್ತು — ಆಗಲೂ. ಅಯ್ಯೋ, ಆಗಲೂ. ಬೆಳಿಗ್ಗೆ ಚಿಕ್ಕವ್ವ ಮಲ್ಲಕ್ಕ ಬಾರದೇ ಇದ್ದಿದ್ದರೆ ಈ ಆಗಲೂ ಎಂಬುದು ಹುಟ್ಟುತ್ತಲೇ ಇರಲಿಲ್ಲ, ರಾಮಗಿರಿಯಿಂದ ರೈಲಿಗೆ ಬಂದವಳು ಎಲೆಗೆ ಸುಣ್ಣ ಹಚ್ಚುತ್ತ ಪಕ್ಕದಲ್ಲಿ ಕೂತಳು, ಓಬಕ್ಕನ ಬಾಯಿ ನೋಡಿದಳು, ನಕ್ಕಳು, ಅಯ್ಯೋ ನಿಮ್ಮವ್ವನ ಮಾತು ನೀ ಯಾಕೆ ಅಂತೀಯೆ, ಅದು ನಿನ್ನ ತಂಗಿ ಹೊನ್ನಿ ಹೊಟ್ಟೇಲಿದ್ದಾಗ ಶುರು ಹಚ್ಕಂಡಿದ್ದು ಕಣೆ, ಹೆತ್ತೂ ಹೆತ್ತೂ ರೋಸಿ, ಬೀರಪ್ಪ ಇನ್ನು ಬಸ್ರು ಬ್ಯಾಡ, ಇನ್ನು ಕೂಸು ಬ್ಯಾಡ ಅಂತ ಬೇಡ್ಕಳಾದು, ಈಗಾಗಿದ್ರೆ ಹಿರಿಯೂರು ಆಸ್ಪತ್ರೇಲಿ ಆಪರೇಷನ್ ಮಾಡಿ ಒಂದು ಬಕೀಟೂ ಕೊಡೋರು. ಹೀಗೆ ಹೇಳಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು, ಮಧ್ಯಾಹ್ನದ ರೈಲಿಗೆ ಹೊರಟೂ ಹೋದಳು. ಅವ್ವನಿಗೆ ಬೀರಪ್ಪ ನಡೆಸಿಕೊಟ್ಟ, ಹೊನ್ನಿಯನ್ನು ಹೆತ್ತು ಬಾಣಂತನದಲ್ಲೇ ಹೋದಳು, ಇನ್ನು ಬಸಿರು ಎಲ್ಲಿಂದ.

ಒಂದು ಮಾತಿಗೆ ಹೊಟ್ಟೆ ಮುಚ್ಚುತ್ತದೆಯೇ, ಕುರಿಗಳು ಯಾವ ಪ್ರಾರ್ಥನೆ ಮಾಡಿ ಈಯುತ್ತವೆ, ಹುಚ್ಚಿ, ನೂಲು — ಆದರೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ದಿನಕ್ಕೆ ಎಷ್ಟು ಉಸಿರು, ಉಸಿರು ಉಸಿರಿಗೂ ಬ್ಯಾಡ ಅಂದವಳಿಗೆ ದೇವರಾದರೂ ಏನು ಕೊಟ್ಟಾನು, ಒದ್ದೆ ಸೀರೆಯಲ್ಲಿ ಗುಡಿಯ ಸುತ್ತ ಉರುಳುವಾಗಲೂ ಅದೇ, ಅತ್ತೆ ಬರಗೇರಮ್ಮ ಕಹಿ ಬೇರಿನ ಕಷಾಯ ಕುಡಿಸಿ ಮೂಗು ಒತ್ತಿ ಹಿಡಿದಾಗಲೂ, ಬಿಟ್ಟ ಉಸಿರಲ್ಲಿ ಅದೇ. ಪಕ್ಕದ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋದರೆ, ಓಬಿ, ನೀನು ಹೊರಗೇ ಕುಂತ್ಕಳೆ, ಎಳೆಕೂಸು, ಯಾಕೆ ಸುಮ್ನೆ — ಹೊರಗೆ ಕೂತು ಎಲ್ಲರ ಚಪ್ಪಲಿ ಕಾಯ್ದಿದ್ದಳು. ಈಗ ಅವಳ ಗಂಡನಿಗೆ ಮತ್ತೆ ಮದುವೆ, ಹುಡುಗಿ ಹೊನ್ನಿ, ಅವಳದೇ ತಂಗಿ, ತಬ್ಬಲಿ ಎಂದು ಮದುವೆಯ ದಿನ ಸೊಂಟದ ಮೇಲೆ ಕೂರಿಸಿಕೊಂಡೇ ಈ ಮನೆಗೆ ತಂದಿದ್ದ ಹೊನ್ನಿ, ಹೊರಗಿನೋಳು ಬರೋದಕ್ಕಿಂತ ನಿನ್ನ ತಂಗಿ ವಾಸಿ ಅಲ್ಲೇನೆ ಅಂದಳು ಅತ್ತೆ, ಗಂಡ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ತಲೆ ಎತ್ತಲಿಲ್ಲ, ಲಾಳಿ ಎಸೆದ, ಹಿಡಿದ, ಎಸೆದ. ಗಂಡು ಹೆಣ್ಣು ಕೂರುವ ಗದ್ದಿಗೆಯ ಕರಿಕಂಬಳಿಗೆ ಹಿರಿ ಸೊಸೆಯೇ ನೂಲಬೇಕು, ಈ ಮನೆಯ ಕಟ್ಟಳೆ ಅದು, ಹಿರಿ ಸೊಸೆ ಅವಳೇ, ಅವಳ ನೂಲಿಗೆ ಗಂಟಿಲ್ಲ ಎಂದು ಊರೆಲ್ಲ ಹೇಳುತ್ತದೆ, ನೂಲು, ಬೀರಪ್ಪ — ಈ ಸಲ ಆ ಮಾತು ಬೇಡ, ಬರಿ ಉಸಿರು ಬಿಡು ಅಂದುಕೊಂಡರೆ ಉಸಿರು ಎದೆಯಲ್ಲೇ ಕಚ್ಚಿಕೊಂಡಿತು, ಕೈ ಎಳೆಯಿತು, ನೂಲು ಪಟ್ಟನೆ ಹರಿಯಿತು. ಬೀರಪ್ಪ, ಕೊಡು — ಕೊಡು ಎನ್ನಲು ನಾಲಿಗೆ ಹೊರಳದು, ಮತ್ತೆ ಹರಿಯಿತು. ಪಡಸಾಲೆಯಿಂದ ಅತ್ತೆ, ಏನೆ ಓಬಿ, ತಂಗಿ ಗದ್ದಿಗೀಗೆ ನೂಲಾಕೆ ಕೈ ನಡುಗ್ತಾವೇನೆ, ಹೊಟ್ಟೇಲಿರೋ ಕಿಚ್ಚೆಲ್ಲ ಎಳೀಗೆ ಇಳಿಸಬ್ಯಾಡ.

ಅಷ್ಟರಲ್ಲಿ ಹೊನ್ನಿ ಬಂದಳು, ಬಾವಿಯ ನೀರು ಹೊತ್ತು ಭುಜ ಒದ್ದೆ, ಕೈಗೆ ಆಗಲೇ ಹಸಿರು ಬಳೆ, ಮೊದಲು ಲೋಟದಲ್ಲಿ ನೀರು ಕೊಟ್ಟಳು, ಕುಡಿ ಅಕ್ಕ, ಬೆಳಿಗ್ಗಿಂದ ಕುಂತೀದಿ, ಆಮೇಲೆ ಎದುರು ಕೂತು ಉಣ್ಣೆಯೊಳಗಿನ ಮುಳ್ಳುಕಾಯಿ ಆರಿಸತೊಡಗಿದಳು, ಯಾರೂ ಹೇಳಿರಲಿಲ್ಲ, ಅಕ್ಕನ ಬೆರಳಿಗೆ ಚುಚ್ಚೀತು ಎಂದು ತಾನಾಗಿಯೇ. ಹೀಗಿರಬೇಡ ಕಣೆ, ಕೆಟ್ಟವಳಾಗಿರು, ನನ್ನ ಕೂದಲು ಹಿಡಿದು ಎಳೆ, ಆಗ ಸುಲಭ. ಅಕ್ಕ, ನೂಲುವಾಗ ಬಾಯಾಗೆ ಏನೋ ಅಂತೀಯಲ್ಲ, ನಂಗೂ ಹೇಳ್ಕೊಡು, ಅದ್ಕೇ ನಿನ್ನ ನೂಲು ಅಷ್ಟು ಸಣ್ಣ ಬತ್ತೈತೆ ಅಂತಾಳೆ ಅತ್ತೆ. ಕೊಡು ಅನ್ನು ಎಂದು ಹೇಳಿಬಿಟ್ಟರಾಯಿತು, ಬೀರಪ್ಪ, ಕೊಡು, ಎರಡೇ ಮಾತು, ನನಗೆ ಹೊರಳದ್ದು ಅವಳ ಎಳೆ ನಾಲಿಗೆಗೆ ಹೊರಳುತ್ತದೆ, ಓಬಕ್ಕ ಬಾಯಿ ತೆರೆದಳು, ತೆರೆದೇ ಇದ್ದಳು, ಹೊನ್ನಿ ಬಗ್ಗಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು, ನೀ ಏನೂ ಬ್ಯಾಸ್ರ ಮಾಡ್ಕಬ್ಯಾಡ ಅಕ್ಕ, ನನ್ನ ಚೊಚ್ಚಲು ಕೂಸನ್ನ ನಿನ್ನ ಮಡ್ಲಿಗೇ ಹಾಕ್ತೀನಿ.

ಹಾಕುತ್ತಾಳಂತೆ. ಭಿಕ್ಷೆ ಹಾಕುವ ಹಾಗೆ, ಅಲ್ಲ, ಹಾಗಲ್ಲ, ಪ್ರೀತಿಯಿಂದಲೇ ಅಂದಳು, ಅದು ಗೊತ್ತು, ಗೊತ್ತಿದ್ದೇ ಓಬಕ್ಕನ ಬಾಯಿ ಹೇಳಿತು, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಉಸಿರು ತಗಳಾಗ ಬೀರಪ್ಪ ಅನ್ನು, ಬಿಡಾಗ ಬ್ಯಾಡ ಅನ್ನು. ಏನು ಬ್ಯಾಡ ಅಕ್ಕ? ಕೇಳಬಾರ್ದು, ಯಾರ ಮುಂದೂ ಅನ್ನಬಾರ್ದು, ಮಲಗಾಗಲೂ ಬಿಡಬಾರ್ದು. ಹೊನ್ನಿ ತಲೆಯಾಡಿಸಿ ರಾಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು, ಹೊರಗೇ ಕುಂತ್ಕಳೆ ಎಂಬ ಮಾತು ಇವಳಿಗೂ ಬರುತ್ತದೆ, ಕಷಾಯ ಬರುತ್ತದೆ, ಮೂಗು ಒತ್ತುವ ಕೈ ಬರುತ್ತದೆ, ಬೇಡ, ನಿಲ್ಲಿಸು, ಈಗಲೇ ಹೇಳು, ತಪ್ಪಾಯಿತು ಕೊಡು ಅನ್ನು ಎಂದು ಹೇಳು, ಇನ್ನೂ ಒಂದು ಎಳೆಯೂ ಆಗಿಲ್ಲ, ಆಯಿತು, ಒಂದಾಯಿತು, ಗಂಟಿಲ್ಲದೆ ಬಂತು, ಹೊನ್ನಿಯ ಕಣ್ಣು ಎಳೆಯ ಮೇಲೆ, ತುಟಿ ಕೂಡಿತು, ಬಿಟ್ಟಿತು, ಎಳೆಗೂಸಾಗಿದ್ದಾಗ ಓಬಕ್ಕ ಕುರಿಹಾಲಲ್ಲಿ ಅದ್ದಿ ಕೊಟ್ಟ ಬಟ್ಟೆಯ ತುದಿಯನ್ನು ಅವ್ವನ ಮೊಲೆಯೆಂದೇ ನಂಬಿ ಚೀಪಿದ ತುಟಿ, ಬಟ್ಟೆ ಕಿತ್ತುಕೊಂಡರೂ ಗಾಳಿಯನ್ನೇ ಚೀಪುತ್ತಿದ್ದ ತುಟಿ, ಈಗ ಸದ್ದಿಲ್ಲದೆ ಕೂಡುತ್ತದೆ, ಬಿಡುತ್ತದೆ, ಹೇಳು ಓಬಕ್ಕ, ಹೇಳು — ಕೂಡುತ್ತದೆ, ಬಿಡುತ್ತದೆ — ಆ ತುಟಿ —