ಸ್ಟೆಮ್ ಸೆಲ್ ದಾನಕ್ಕೆ ಹೆಸರು ಕೊಟ್ಟ ಮೇಲೆ

ಅಮೆರಿಕದ ಕ್ಯಾರಿ ಊರಿನಲ್ಲಿ ನಮ್ಮ ಕನ್ನಡದವರ ಮನೆಗಳು ಬೇಕಾದಷ್ಟಿವೆ. ಯಾರಿಗಾದರೂ ಕಾಯಿಲೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಿದ್ದರೆ ಸಾಕು, ಅದೇ ಸಂಜೆ ಬಾಗಿಲಿಗೆ ಅಡುಗೆ ಬರುತ್ತದೆ. ಅರ್ಮಾನ್‌ಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಹಾಗೇ ಆಯಿತು. ಅದು 2022ರ ಮಾತು. ಅನ್ನ, ಸಾರು, ಪಲ್ಯ, ಎಲ್ಲ ಬಂತು. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಮಾತ್ರ ಯಾರ ಅಡುಗೆಮನೆಯಲ್ಲೂ ಇರಲಿಲ್ಲ.

ಅರ್ಮಾನ್ ಮತ್ತು ಅವನ ಹೆಂಡತಿ ಸಾಲೆಹಾ ಮೈಸೂರಿನವರು. ಸಾಲೆಹಾ ಒಂದು ಲ್ಯಾಬಿನಲ್ಲಿ ರಕ್ತದ ಸ್ಟೆಮ್ ಸೆಲ್‌ಗಳ ಮೇಲೆ ಸಂಶೋಧನೆ ಮಾಡುವವಳು. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಕೂತು ಜೀವನವಿಡೀ ರಕ್ತ ಹುಟ್ಟಿಸುವ ಕೋಶಗಳು ಅವು. ಕೀಮೋ ಒಂದರಿಂದಲೇ ಅರ್ಮಾನ್ ಉಳಿಯುವುದು ಕಷ್ಟ, ಬೇರೊಬ್ಬರ ಆರೋಗ್ಯವಂತ ಸ್ಟೆಮ್ ಸೆಲ್ ಹಾಕಬೇಕು ಎಂದರು ಡಾಕ್ಟರು. ಹಗಲೆಲ್ಲ ಅದನ್ನೇ ಓದುವವಳು ಸಾಲೆಹಾ. ಆದರೂ ಗಂಡನಿಗೆ ಹೊಂದುವ ಕೋಶವನ್ನು ಲ್ಯಾಬಿನಲ್ಲಿ ತಯಾರಿಸಿ ತರಲು ಅವಳಿಂದ ಆಗುವಂತಿರಲಿಲ್ಲ. ಅದನ್ನು ಇನ್ನೊಬ್ಬ ಮನುಷ್ಯನೇ ಕೊಡಬೇಕು.

ಕನ್ನಡ ಸಂಘದವರು ಒಂದು ಶನಿವಾರ ಕ್ಯಾಂಪ್ ಇಟ್ಟರು. ಕೆನ್ನೆಯ ಒಳಭಾಗವನ್ನು ಹತ್ತಿ ಕಡ್ಡಿಯಿಂದ ಉಜ್ಜಿ ಕೊಟ್ಟರೆ ಮುಗಿಯಿತು, ಹೆಸರು ರಿಜಿಸ್ಟ್ರಿಗೆ, ಅಂದರೆ ದಾನಿಗಳ ಪಟ್ಟಿಗೆ ಸೇರುತ್ತದೆ. ಪಕ್ಕದ ಮನೆಯ ಸಿದ್ದೇಶ್ವರಿ ಮೊದಲ ಸಾಲಿನಲ್ಲೇ ನಿಂತು ಕೊಟ್ಟಳು. ಗದಗ ಕಡೆಯ ಹುಡುಗಿ, ಎಂಜಿನಿಯರ್. ಗಂಡ ಚೇತನ, ಪುಟ್ಟ ಮಗಳು ನಿಧಿ, ಅತ್ತೆ ಚನ್ನಮ್ಮ, ಎಲ್ಲರೂ ಒಟ್ಟಿಗಿದ್ದರು. ಅವಳದು ಅರ್ಮಾನ್‌ಗೆ ಹೊಂದಲಿಲ್ಲ. ಅವತ್ತು ಕೊಟ್ಟ ಯಾರದೂ ಹೊಂದಲಿಲ್ಲ.

ಕಡೆಗೆ ರಿಜಿಸ್ಟ್ರಿಯಲ್ಲಿ ಎಲ್ಲೋ ದೂರದ ಒಬ್ಬರದು ಪೂರ್ತಿ ಹೊಂದಿತು. ಸಾಲೆಹಾ ಅಳುತ್ತಲೇ ನಕ್ಕಳು. ಆದರೆ ಆ ಮನುಷ್ಯ ಮೊದಲು ಬರುತ್ತೇನೆ ಎಂದ. ಆಮೇಲೆ ಮುಂದಿನ ವಾರ ಎಂದ. ಆಮೇಲೆ ರಿಜಿಸ್ಟ್ರಿಯವರ ಫೋನ್ ಎತ್ತುವುದನ್ನೇ ಬಿಟ್ಟ. ಮನೆಯವರು ಒಪ್ಪಲಿಲ್ಲವಂತೆ ಎಂದು ಕೊನೆಗೆ ಸುದ್ದಿ ಬಂತು. ಅಷ್ಟರಲ್ಲಿ ಕಾಯಿಲೆ ಮತ್ತೆ ತಲೆಯೆತ್ತಿತ್ತು.

ರೊಟ್ಟಿ ತಂದಿದ್ದ ಚನ್ನಮ್ಮ ಸಾಲೆಹಾಳ ಕೈ ಹಿಡಿದುಕೊಂಡು ಕೂತರು. “ಎಂಥಾ ಮಂದಿ ಅದಾರವಾ! ಹೆಸರು ಕೊಟ್ಟು ಕೈ ಕೊಡೂದಂದ್ರ? ಅವರ ಮನ್ಯಾಗ ಮಕ್ಕಳು ಮರಿ ಇಲ್ಲೇನು?”

ಜಾರ್ಜಿಯಾ ರಾಜ್ಯದ ಸುವಾನಿಯಲ್ಲಿದ್ದ ಅರ್ಮಾನ್‌ನ ತಂಗಿ ಹಮ್ನಾ ಕಾರು ಓಡಿಸಿಕೊಂಡು ಬಂದಳು. ಅವಳದು ಅರ್ಧ ಮಾತ್ರ ಹೊಂದುತ್ತಿತ್ತು. ಹಿಂದೆ ಅರ್ಧ ಹೊಂದಿಕೆ ಎಂದರೆ ಡಾಕ್ಟರುಗಳೇ ಹೆದರುತ್ತಿದ್ದರು. ಈಗ ಕೋಶ ಹಾಕಿದ ಮೇಲೆ ಕೊಡುವ ಔಷಧಿಗಳ ಬಗ್ಗೆ ಬೇಕಾದಷ್ಟು ಸಂಶೋಧನೆ ನಡೆದಿರುವುದರಿಂದ ಆ ದಾರಿಯೂ ತೆರೆದಿದೆ. ಹಮ್ನಾಳ ಕೋಶವನ್ನೇ ಹಾಕಿದರು. ಅರ್ಮಾನ್ ಉಳಿದ. ಸುಲಭವಾಗಿ ಉಳಿಯಲಿಲ್ಲ. ಚರ್ಮ ಕೆರಳುತ್ತಿತ್ತು, ಕಣ್ಣು ಒಣಗುತ್ತಿತ್ತು, ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಆದರೂ ಉಳಿದ.

ಎರಡು ವರ್ಷ ಕಳೆಯಿತು. ಒಂದು ದಿನ ಸಿದ್ದೇಶ್ವರಿಗೆ ರಿಜಿಸ್ಟ್ರಿಯಿಂದ ಫೋನ್ ಬಂತು. ನಲವತ್ತರ ಆಸುಪಾಸಿನ ಒಬ್ಬ ಹೆಂಗಸಿಗೆ ಲ್ಯುಕೇಮಿಯಾ, ನಿಮ್ಮ ಕೋಶ ಹೊಂದುತ್ತದೆ, ಕೊಡುತ್ತೀರಾ? ಹೆಸರು, ಊರು ಹೇಳುವಂತಿಲ್ಲ. ಸಿದ್ದೇಶ್ವರಿ ಹೂಂ ಎಂದು ಹೇಳಿ ಸಂತೋಷದಿಂದ ಮನೆಯಲ್ಲಿ ತಿಳಿಸಿದಳು.

ಚೇತನನ ಮುಖ ಬಿದ್ದುಹೋಯಿತು. “ಅರ್ಮಾನ್ ನಮ್ಮಂವ ಅಂತ ಕೊಟ್ಟಿದ್ದು, ಸಿದ್ದಿ. ಇದು ಯಾರಿಗಂತ? ನಿನಗೇನರ ಆದ್ರ ನಿಧಿನ್ನ ಯಾರು ನೋಡ್ತಾರ?”

“ಬೆನ್ನಾಗ ಸೂಜಿ ಚುಚ್ಚಿ ತಗೀತಾರಂತ” ಎಂದರು ಚನ್ನಮ್ಮ. “ಇನ್ನೊಂದು ಕೂಸು ಬ್ಯಾಡೇನು ನಿಮಗ? ಆ ನಂಬರ್ ಎತ್ತಬ್ಯಾಡ. ಎರಡು ಸಲ ಬರತೈತಿ, ಆಮ್ಯಾಲ ತಾನ ಸುಮ್ಮನಾಕ್ಕಾರ.”

ಸಿದ್ದೇಶ್ವರಿಗೂ ಒಳಗೊಳಗೆ ಭಯ ಹತ್ತಿತು. ಮರುದಿನ ಫೋನ್ ಬಂತು, ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ.

ಆ ವಾರ ಸಾಲೆಹಾ ಚಹಾಕ್ಕೆ ಬಂದಿದ್ದಳು. ಮೇಜಿನ ಮೇಲಿದ್ದ ಫೋನ್ ಗುಂಯ್‌ಗುಟ್ಟಿತು. ಸಿದ್ದೇಶ್ವರಿ ಅದನ್ನು ಮಗುಚಿ ಇಟ್ಟಳು. ರಿಜಿಸ್ಟ್ರಿಯ ಹೆಸರು ಅಷ್ಟರಲ್ಲೇ ಸಾಲೆಹಾಳ ಕಣ್ಣಿಗೆ ಬಿದ್ದಿತ್ತು.

“ನಿನ್ನದು ಮ್ಯಾಚ್ ಆಯ್ತಾ ಸಿದ್ದಿ?”

ಚನ್ನಮ್ಮ ಒಲೆ ಕಡೆ ತಿರುಗಿ ನಿಂತರು. ಸಿದ್ದೇಶ್ವರಿ ನಡೆದದ್ದನ್ನೆಲ್ಲ ಹೇಳಿದಳು. ಸಾಲೆಹಾಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ.

“ಭಯ ಆಗೋದು ಸಹಜ” ಎಂದಳು ಸಾಲೆಹಾ. “ಏನೇನು ಕೇಳ್ಬೇಕೋ ಕೇಳಿ ಆಂಟಿ. ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅಂತೀನಿ.”

“ಬೆನ್ನುಹುರಿಗೆ ಸೂಜಿ ಹಾಕ್ತಾರಿಲ್ಲೊ?”

“ಇಲ್ಲ. ಬೆನ್ನುಹುರಿ ಬೇರೆ, ಮೂಳೆ ಮಜ್ಜೆ ಬೇರೆ. ಈಗ ಹೆಚ್ಚಿನವರು ಕೊಡೋದು ತೋಳಿಂದ. ಮೊದಲು ಕೆಲವು ದಿನ ಇಂಜೆಕ್ಷನ್ ಕೊಡ್ತಾರೆ, ಸ್ಟೆಮ್ ಸೆಲ್ ರಕ್ತಕ್ಕೆ ಬರ್ತವೆ. ಆಮೇಲೆ ಒಂದು ತೋಳಿಂದ ರಕ್ತ ಮಷೀನಿಗೆ ಹೋಗಿ, ಬೇಕಾದ ಕೋಶ ಅಲ್ಲಿ ಉಳ್ಕೊಂಡು, ಮಿಕ್ಕಿದ್ದು ಇನ್ನೊಂದು ತೋಳಿಗೆ ವಾಪಸ್. ಕೆಲವು ಪೇಷಂಟ್‌ಗೆ ಮಜ್ಜೆನೇ ಬೇಕಾಗತ್ತೆ. ಆಗ್ಲೂ ತೆಗೆಯೋದು ಸೊಂಟದ ಮೂಳೆಯಿಂದ, ಅನಸ್ತೇಷಿಯಾ ಕೊಟ್ಟು.”

“ನೋವು?”

“ಇರತ್ತೆ. ಇಲ್ಲ ಅಂದ್ರೆ ಸುಳ್ಳಾಗತ್ತೆ. ಇಂಜೆಕ್ಷನ್ ದಿನಗಳಲ್ಲಿ ಫ್ಲೂ ಬಂದ ಹಾಗೆ ಮೈಕೈ ನೋವು. ಹಮ್ನಾ ತಲೆನೋವು ಅಂತ ಮಲಗೇ ಇದ್ಳು. ಆಮೇಲೆ ಸರಿ ಹೋಯ್ತು. ಕೊಟ್ಟ ಕೋಶಗಳನ್ನ ಮೈ ಮತ್ತೆ ತುಂಬಿಸ್ಕೊಳ್ಳತ್ತೆ.”

“ರಿಸ್ಕ್ ಝೀರೋ ಅಂತ ಹೇಳ್ತೀಯೇನು?” ಚೇತನ ಬಾಗಿಲಲ್ಲಿ ನಿಂತು ಕೇಳಿದ.

“ಝೀರೋ ಅಂತ ಹೇಳಲ್ಲ ಚೇತನ. ಗಂಭೀರ ತೊಂದರೆ ಆಗೋದು ತೀರಾ ಅಪರೂಪ. ಮುಂದೆ ಮಗು ಆಗೋದಕ್ಕೆ ತೊಂದರೆ ಆಗತ್ತೆ ಅಂತ ಈವರೆಗೆ ಕಂಡಿಲ್ಲ. ಇವಳನ್ನ ಚೆಕ್ ಮಾಡೋ ಡಾಕ್ಟರ್ ಬೇರೆಯವರೇ ಇರ್ತಾರೆ, ಪೇಷಂಟ್‌ನ ಡಾಕ್ಟರ್ ಅಲ್ಲ. ಇವಳಿಗೆ ಸರಿ ಹೋಗಲ್ಲ ಅನ್ಸಿದ್ರೆ ಅವರೇ ಬೇಡ ಅಂತಾರೆ. ನೀನೂ ಹೋಗು, ಎಲ್ಲಾ ಕೇಳು.”

“ಇಷ್ಟು ದೊಡ್ಡ ದೇಶದಾಗ ಬ್ಯಾರೆ ಯಾರೂ ಸಿಗೂದಿಲ್ಲೇನು ಅವರಿಗೆ?” ಎಂದ ಚೇತನ.

“ಈ ಹೊಂದಿಕೆ ಅಪ್ಪ ಅಮ್ಮನಿಂದ ಬರೋದು. ಅದಕ್ಕೇ ನಮ್ಮವರಿಗೆ ಹೊಂದೋದು ಹೆಚ್ಚಾಗಿ ನಮ್ಮ ಕಡೆಯವರದ್ದೇ. ರಿಜಿಸ್ಟ್ರಿಯಲ್ಲಿ ನಮ್ಮ ಜನ ಕಮ್ಮಿ. ಹೆಸರಿದ್ದವರೂ ಕರೆದಾಗ ಸಿಗಲ್ಲ.” ಸಾಲೆಹಾ ಚಹಾದ ಲೋಟ ಕೆಳಗಿಟ್ಟಳು. “ಅವತ್ತು ಆ ಮನುಷ್ಯ ಬೇಡ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಅವನ ಮೈ. ಆದ್ರೆ ಮೊದಲನೇ ದಿನವೇ ಬೇಡ ಅಂದಿದ್ರೆ ಹಮ್ನಾನ ಅವತ್ತೇ ಕರೆಸ್ತಿದ್ದೆ. ಅವನು ಸುಮ್ಮನಿದ್ದ. ನಾವು ಕಾದ್ವಿ. ನಿಮಗೆ ಬೇಡ ಅಂತಿದ್ರೆ ಇವತ್ತೇ ಹೇಳ್ಬಿಡಿ. ನಾನು ಏನೂ ಅನ್ಕೊಳಲ್ಲ.”

ಅವಳು ಹೋದ ಮೇಲೆ ಚನ್ನಮ್ಮ ಬಂದು ಸೊಸೆಯ ಪಕ್ಕ ಕೂತರು.

“ಅವತ್ತು ನಾ ಯಾರ ಮನಿ ಮಂದಿಗೆ ಬೈದಿದ್ನೆಲ್ಲ, ಅವರಂಗ ಆಗೀನಿ ನೋಡು ನಾನೂ” ಎಂದರು. “ಆ ಮನ್ಯಾಗೂ ನನ್ನಂಥಾ ಒಬ್ಬಾಕಿ ಇದ್ದಿರಬೇಕು. ಸೊಸಿ ಮ್ಯಾಲೋ ಮಗನ ಮ್ಯಾಲೋ ಜೀವ ಇದ್ದಾಕಿ. ನಿನ್ನ ಮನಸಿಗೆ ಏನನಸ್ತೈತಿ?”

“ಅಂಜಿಕಿ ಐತ್ರಿ ಅತ್ತಿ. ಆದ್ರೂ ಕೊಡಬೇಕನಸ್ತೈತಿ.”

ಚನ್ನಮ್ಮ ಫೋನನ್ನು ಅವಳ ಕೈಗೆ ಕೊಟ್ಟರು. “ಹಂಗಾರ ಮಾಡು. ಕಾಯಸಬ್ಯಾಡ ಅವರನ್ನ.”

ಚೇತನ ಅಷ್ಟು ಬೇಗ ಒಪ್ಪಲಿಲ್ಲ. ತಪಾಸಣೆಯ ದಿನ ಹೆಂಡತಿಯ ಜೊತೆ ಹೋಗಿ ಡಾಕ್ಟರಿಗೆ ಪ್ರಶ್ನೆಗಳ ಮಳೆಗರೆದ. ಅಲ್ಲಿ ರಿಜಿಸ್ಟ್ರಿಯ ಕೋಆರ್ಡಿನೇಟರ್ ಒಂದು ಮಾತು ಬಿಡಿಸಿ ಹೇಳಿದಳು. ಕೋಶ ಹಾಕುವ ಮೊದಲು ರೋಗಿಗೆ ಜೋರಾದ ಕೀಮೋ ಕೊಟ್ಟು ಅವಳ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುತ್ತಾರೆ. ಕಾನೂನಿನ ಪ್ರಕಾರ ದಾನಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಆದರೆ ಆ ಕೀಮೋ ಶುರುವಾದ ಮೇಲೆ ಸರಿದರೆ ಅವಳು ಉಳಿಯುವುದು ಕಷ್ಟ. ಚೇತನ ಹೊರಗೆ ಬಂದು ಕಾರಿನಲ್ಲಿ ಕೂತ. ಆಮೇಲೆ “ಕೊಡೂ ದಿನ ನಾನೂ ಬರ್ತೀನಿ. ಡ್ರೈವ್ ನಾನ ಮಾಡ್ತೀನಿ” ಎಂದ.

ಅತ್ತ ಆ ಹೆಂಗಸಿಗೆ ಕೀಮೋ ಶುರುವಾಯಿತು. ಇತ್ತ ಸಿದ್ದೇಶ್ವರಿಗೆ ಇಂಜೆಕ್ಷನ್ ಶುರುವಾಗುವ ಹೊತ್ತಿಗೆ ನಿಧಿ ಡೇಕೇರ್‌ನಿಂದ ಜ್ವರ ಹತ್ತಿಸಿಕೊಂಡು ಬಂದಳು. ತಾಯಿಗೆ ಅದು ಅಂಟಿದರೆ ಎಲ್ಲ ಕೆಡುತ್ತದೆ. ಚನ್ನಮ್ಮ ಮೊಮ್ಮಗಳನ್ನು ಎತ್ತಿಕೊಂಡು ಕೆಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

“ಅಜ್ಜಿ, ಐ ವಾಂಟ್ ಮಮ್ಮಿ!” ಮಗು ಅಳುತ್ತಿತ್ತು.

“ಮಮ್ಮಿ ಒಬ್ಬರಿಗೆ ಔಷಧ ಕೊಡಾಕ ಹೊಂಟಾಳವಾ.”

“ಹೂ ಈಸ್ ಇಟ್ ಫಾರ್?”

“ಯಾರೋ ನನಗೂ ಗೊತ್ತಿಲ್ಲ. ಯಾರದರ ಅವ್ವ ಇರಬೇಕು.”

ಮೇಲಿನ ಮಹಡಿಯಲ್ಲಿ ಮೂಳೆ ಮೂಳೆ ನೋಯುತ್ತಾ ಮಲಗಿದ್ದ ಸಿದ್ದೇಶ್ವರಿಗೆ ಮಗಳ ಅಳು ಕೇಳುತ್ತಿತ್ತು. ಇಳಿದು ಹೋಗಿ ಎತ್ತಿಕೊಳ್ಳಬೇಕು ಎನಿಸಿತು. ಹೋಗಲಿಲ್ಲ. ಇಷ್ಟರಲ್ಲೆಲ್ಲ ಸೂಜಿಗಿಂತ ಕಷ್ಟವಾದದ್ದು ಅದೇ ಎಂದು ಅವಳು ಈಗಲೂ ಹೇಳುತ್ತಾಳೆ. ಪುಣ್ಯಕ್ಕೆ ಜ್ವರ ಅವಳಿಗೆ ಅಂಟಲಿಲ್ಲ.

ಗಂಡ ಹೆಂಡತಿ ವಾಷಿಂಗ್ಟನ್ ಬಳಿಯ ಸೆಂಟರಿಗೆ ಕಾರಿನಲ್ಲಿ ಹೋದರು. ಅರ್ಧ ದಿನ ಎರಡೂ ತೋಳಿಗೆ ಸೂಜಿ ಹಾಕಿಸಿಕೊಂಡು ಅವಳು ಮಲಗಿದ್ದಳು. ಮೂಗು ತುರಿಸಿದರೆ ಚೇತನನೇ ಕೆರೆಯಬೇಕಿತ್ತು, ಅದಕ್ಕೆ ಇಬ್ಬರೂ ನಕ್ಕರು. ಸಂಜೆ ಸಣ್ಣದೊಂದು ಚೀಲದಲ್ಲಿ ಕೆಂಪಗಿನ ದ್ರವ ತುಂಬಿತು. ಒಬ್ಬರು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನಕ್ಕೆ ಹೊರಟೇಹೋದರು.

ಮುಂದಿನ ವಾರ ಸಿದ್ದೇಶ್ವರಿ ಕೆಲಸಕ್ಕೆ ಹೋದಳು. ಕೆಲವು ವಾರ ಕಳೆದ ಮೇಲೆ ಕೋಆರ್ಡಿನೇಟರ್ ಫೋನ್ ಮಾಡಿ, ಕೋಶಗಳು ಹೊಸ ಮೈಯಲ್ಲಿ ಬೇರು ಬಿಟ್ಟಿವೆ, ರಕ್ತ ಹುಟ್ಟುತ್ತಿದೆ ಎಂದಳು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಆ ಹೆಂಗಸು ಪೂರ್ತಿ ಗುಣವಾಗುತ್ತಾಳೋ ಇಲ್ಲವೋ, ಕಾಲವೇ ಹೇಳಬೇಕು. ಚನ್ನಮ್ಮ ಮಾತ್ರ ದೀಪ ಹಚ್ಚುವಾಗ ಅವಳ ಹೆಸರು ಗೊತ್ತಿಲ್ಲದೆ “ನಮ್ಮಾಕಿ” ಎಂದೇ ಕೈಮುಗಿಯುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಹದಿನೆಂಟು ದಾಟಿ ನಲವತ್ತರೊಳಗಿದ್ದು ಆರೋಗ್ಯವಾಗಿದ್ದರೆ ರಿಜಿಸ್ಟ್ರಿಗೆ ಹೆಸರು ಕೊಡಿ. ವಯಸ್ಸು ದಾಟಿದವರು ಮಕ್ಕಳಿಗೆ ಹೇಳಿ. ಆದರೆ ಕೆನ್ನೆ ಉಜ್ಜುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ನೀವು ಗುರುತಿನವರಿಗಾಗಿ ಹೆಸರು ಕೊಟ್ಟರೂ ಕರೆ ಬರುವುದು ಗುರುತಿಲ್ಲದವರಿಗಾಗಿ ಎಂದು ತಿಳಿಸಿ. ಊರು ಬದಲಿಸಿದರೆ, ನಂಬರ್ ಬದಲಿಸಿದರೆ ರಿಜಿಸ್ಟ್ರಿಯವರಿಗೂ ಹೇಳಿ. ಅಂಜಿಕೆ ಇದ್ದರೆ ಡಾಕ್ಟರನ್ನೇ ಕೇಳಿ, ನಾಚಬೇಡಿ. ಮನಸ್ಸು ಬದಲಾದರೆ ಆಗುವುದಿಲ್ಲ ಎಂದು ಆ ಹೊತ್ತಿಗೇ ಹೇಳಿಬಿಡಿ, ಅದರಲ್ಲಿ ತಪ್ಪಿಲ್ಲ. ಉತ್ತರ ಕೊಡದೆ ಕಾಯಿಸುವುದೊಂದು ಬೇಡ. ರೋಗಿ ಕಾಯುತ್ತಾರೆ. ಲ್ಯುಕೇಮಿಯಾ ಕಾಯುವುದಿಲ್ಲ.