ಮೊಳೆಯ ಮೇಲಿನ ಕೀಲಿಕೈ

ಹನುಮೇಶನ ಹೊಟ್ಟೆಕಿಚ್ಚು ಅವನು ಸಂಪಾದಿಸಿದ್ದಲ್ಲ, ಮದುವೆಯಲ್ಲಿ ಬಳುವಳಿಯಾಗಿ ಬಂದದ್ದು. ಮಾತುಕತೆಯ ದಿನವೇ ಅತ್ತೆ ಸಾವಕ್ಕ ಅಭಿಮಾನದಿಂದ ಹೇಳಿಬಿಟ್ಟಿದ್ದಳು: "ನಮ್ಮ ಮಾಯಾ, ಇಕಿ ಕಾಲೇಜಿನ ಲೋಹಿತ, ಇಬ್ಬರೂ ಕೂಡೇ ಫಾರೆಸ್ಟ್ ಪರೀಕ್ಷಾಕ್ಕ ಓದಿದ್ರು ನೋಡ್ರಿ. ಕೆಲಗೇರಿ ಕೆರಿ ದಂಡಿಗೆ ಕುಂತು ಓದತಿದ್ರು. ಅಂವ ಪಾಸಾದ, ಇಕಿ ಎರಡ ಮಾರ್ಕಿನ್ಯಾಗ ಹೋದ್ಲು."

ಸಾವಕ್ಕನಿಗೆ ಅದು ಮಗಳ ಬುದ್ಧಿವಂತಿಕೆಯ ಮಾತು. ಅಳಿಯನ ಕಿವಿಗೆ ಬಿದ್ದದ್ದು ಕೆರೆಯ ದಂಡೆ ಮಾತ್ರ. ಮದುವೆಯಾಗಿ ಹತ್ತು ವರ್ಷವಾಯಿತು. ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಹೆಂಡತಿಯನ್ನು ಬೈಕಿನ ಮೇಲೆ ಎಷ್ಟೋ ಸಲ ಕರೆದೊಯ್ದಿದ್ದಾನೆ, ಕೆಲಗೇರಿಯ ಕಡೆ ಒಮ್ಮೆಯೂ ಗಾಡಿ ತಿರುಗಿಸಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಮನುಷ್ಯ, ಒಂದು ಕೆರೆಗೆ ಹೆದರಿಕೊಂಡಿದ್ದ.

ಬಳುವಳಿಯಲ್ಲಿ ಬಂದ ಇನ್ನೊಂದು ವಸ್ತು ಮಾಯಾಳ ತಗಡಿನ ಟ್ರಂಕು. ಅದರ ಕೀಲಿಕೈ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಎಲ್ಲರಿಗೂ ಕಾಣುವ ಹಾಗೆ ತೂಗುತ್ತಿತ್ತು. ಹನುಮೇಶ ಅದನ್ನು ಮುಟ್ಟಿದವನಲ್ಲ. ದೊಡ್ಡ ಮನಸ್ಸಿನಿಂದ ಅಂತಲ್ಲ, ಒಳಗೇನಿದ್ದೀತೋ ಎಂಬ ಭಯದಿಂದ. ಆದರೆ ಮುಟ್ಟಲಿಲ್ಲ ಎಂಬುದನ್ನು ಅವನು ದೊಡ್ಡ ಮನಸ್ಸೆಂದೇ ಲೆಕ್ಕ ಹಿಡಿದಿದ್ದ.

ಹೀಗಿರುವಾಗ ಲೋಹಿತ ವಲಯ ಅರಣ್ಯಾಧಿಕಾರಿಯಾಗಿ ಧಾರವಾಡಕ್ಕೇ ವರ್ಗವಾಗಿ ಬಂದ. ಬಾವಿಗೆ ಬಿದ್ದ ಚಿರತೆಯನ್ನು ಮೇಲೆತ್ತಿಸಿದ ಅವನ ಫೋಟೋ ಪೇಪರಿನಲ್ಲಿ ಬಂತು. ಮಾಯಾ ಆ ಸುದ್ದಿಯನ್ನು ಎರಡು ಸಲ ಓದಿದಳು. ಹನುಮೇಶ ಅದನ್ನು ಎಣಿಸಿದ.

ಆ ವಾರವೇ ಮಗಳು ನೀಲಾಳ ಹುಟ್ಟುಹಬ್ಬ. ಹನುಮೇಶ ಕೊರಳಿಗೆ ಹುಲಿಯುಗುರಿನ ಲಾಕೆಟ್ಟು ಹಾಕಿಕೊಂಡು, ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡು, ಮೊಬೈಲಿನ ಸ್ಟೇಟಸ್ಸಿಗೆ ಏರಿಸಿದ. ಕೆಳಗೆ ಬರೆದ: 'ಅಜ್ಜನ ಕಾಲದ ಖರೇ ಹುಲಿ ಉಗುರು.' ಚಿರತೆಗೆ ಹುಲಿಯೇ ಉತ್ತರ ಎಂದು ಅವನ ಲೆಕ್ಕ. ಅಜ್ಜ ಹುಲಿಯನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಉಗುರು ಹನುಮೇಶನೇ ಮದುವೆಗೆ ಮೊದಲು ಹುಬ್ಬಳ್ಳಿಯ ಪೇಟೆಯಲ್ಲಿ, ನಕಲಿ ಎಂದು ಗೊತ್ತಿದ್ದೇ, ಚೌಕಾಸಿ ಮಾಡಿ ತಂದದ್ದು.

ಭಾನುವಾರ ಬೆಳಗ್ಗೆ ಅವರ ಹೊಲದ ಮನೆಯ ದಾರಿಯಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಲೋಹಿತ ಇಳಿದ, ಜೊತೆಗೆ ಇಬ್ಬರು ಗಾರ್ಡುಗಳು. ಸಾಕ್ಷಿಗೆಂದು ಪಕ್ಕದ ಹೊಲದ ದುರ್ಗೇಶನನ್ನೂ ಕರೆತಂದಿದ್ದರು.

"ಯಾರೋ ಫೋನ್ ಮಾಡಿ ನಿಮ್ಮ ಫೋಟೋ ಕಳಿಸ್ಯಾರ್ರಿ ಸರ್. ಹುಲಿ ಉಗುರು ಇಟಗೊಳ್ಳೂದು ಅಪರಾಧ. ಮನಿ ನೋಡಬೇಕಾಗೇತಿ," ಅಂದ ಲೋಹಿತ.

"ನನ್ನ ಹೊಲ, ನನ್ನ ಮನಿ. ವಾರಂಟ್ ತೋರಸ್ರಿ."

"ನಮ್ಮ ಕಾಯ್ದೆಗೆ ವಾರಂಟ್ ಬೇಕಾಗೂದಿಲ್ರಿ. ಅನುಮಾನಕ್ಕ ಗಟ್ಟಿ ಕಾರಣ ಇದ್ರ ಸಾಕು."

ಅನುಮಾನವೇ ಸಾಕಾಗಿದ್ದರೆ ಹತ್ತು ವರ್ಷದಿಂದ ತನಗೂ ಈ ಅಧಿಕಾರ ಇತ್ತಲ್ಲ ಎಂದು ಹನುಮೇಶನಿಗೆ ಉರಿಯಿತು. 'ಅದು ಖೊಟ್ಟಿ ಉಗುರು' ಎಂದು ಒಂದು ಮಾತು ಹೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎದುರಿಗಿದ್ದವನು ಬೇರೆ ಯಾರೇ ಆಗಿದ್ದರೂ ಹೇಳುತ್ತಿದ್ದ. ಲೋಹಿತನ ಮುಂದೆ ಖೊಟ್ಟಿ ಉಗುರಿನ ಗಂಡ ಆಗುವುದಕ್ಕಿಂತ ಜೈಲೇ ಛಲೋ ಅನ್ನಿಸಿತು. ಬಾಗಿಲು ಬಿಟ್ಟು ಸರಿದ.

ಮಾಯಾ ಒಳಗಿನಿಂದ ಬಂದಳು. "ಅದನ್ನ ಫೋಟೋ ಆದ ಮ್ಯಾಲೆ ನಾನ ನನ್ನ ಟ್ರಂಕಿನ್ಯಾಗ ಇಟ್ಟೇನ್ರಿ," ಅಂದಳು.

ಲೋಹಿತ ಟ್ರಂಕಿನ ಮುಂದೆ ನಿಂತ. "ಮಾಯಾ ಅವರ, ನಾ ತಗೀಲೇನ್ರಿ? ಬ್ಯಾಡ ಅನಸಿದ್ರ ನೀವ ತಗದು ತೋರಸ್ರಿ."

ಅವಳು ಮೊಳೆಯಿಂದ ಕೀಲಿಕೈ ತೆಗೆದು ಅವನ ಕೈಗೆ ಕೊಟ್ಟಳು. "ತಗೀರಿ, ಅಡ್ಡಿ ಇಲ್ಲ."

ಹತ್ತು ವರ್ಷ ತಾನು ಮುಟ್ಟದ ಕೀಲಿಕೈಯನ್ನು ಇವನ ಕೈಗೆ ಕೊಟ್ಟಳಲ್ಲ ಎಂದು ಹನುಮೇಶ ಲೋಹಿತನ ಕೈಯನ್ನೇ ನೋಡುತ್ತ ನಿಂತ. ಲೋಹಿತ ಎರಡು ಸೀರೆ ಎತ್ತಿದ, ಒಂದು ದಪ್ಪ ಪುಸ್ತಕ ಎತ್ತಿದ. ಪುಸ್ತಕದೊಳಗಿನಿಂದ ಒಂದು ಹಾಳೆ ಜಾರಿತು. ಅದನ್ನು ಓದಿ ಮಾಯಾಳ ಮುಖ ನೋಡಿದ. ಅವಳು ಬೇಡ ಎಂಬಂತೆ ತುಸುವೇ ತಲೆಯಾಡಿಸಿದಳು. ಅವನು ನಕ್ಕು, ಹಾಳೆಯನ್ನು ಇದ್ದಲ್ಲೇ ಇಟ್ಟ. ಹನುಮೇಶನಿಗೆ ಆಮೇಲೆ ಆದದ್ದೆಲ್ಲ ಅರ್ಧಂಬರ್ಧ ಕೇಳಿಸಿತು.

ಮೂಲೆಯಲ್ಲಿ ಲಾಕೆಟ್ಟು ಸಿಕ್ಕಿತು. ಲೋಹಿತ ಅದನ್ನು ಬೆಳಕಿಗೆ ಹಿಡಿದ. "ಪ್ಲಾಸ್ಟಿಕ್ ಇದ್ದಂಗ ಕಾಣತೈತಿ. ಆದ್ರೂ ಲ್ಯಾಬಿಗೆ ಕಳಸಬೇಕಾಗತೈತಿ."

"ಪ್ಲಾಸ್ಟಿಕ್ಕ ಅದು," ಅಂದಳು ಮಾಯಾ. "ಮದುವ್ಯಾದ ವರ್ಷ ಇಸ್ತ್ರಿ ತಾಗಿ ತುದಿ ಕರಗಿತ್ತು. ನಾನ ಉಜ್ಜಿ ಚೂಪ ಮಾಡಿ ಇಟ್ಟೇನಿ. ಇವರಿಗೆ ಹೇಳಿರಲಿಲ್ಲ."

ದುರ್ಗೇಶ ಮೀಸೆಯಡಿ ನಕ್ಕ. ಹತ್ತು ವರ್ಷ ಹೆಂಡತಿ ತನ್ನ ಸುಳ್ಳನ್ನು ತಿದ್ದಿ, ಚೂಪು ಮಾಡಿ, ಜೋಪಾನವಾಗಿಟ್ಟಿದ್ದಳು. ಬೇರೆ ಗಂಡನಾಗಿದ್ದರೆ ಅಲ್ಲೇ ಕರಗುತ್ತಿದ್ದ. ಹನುಮೇಶನ ತಲೆಯಲ್ಲಿ ಮಾತ್ರ ಆ ಹಾಳೆ, ಆ ನಗೆ. ಪಂಚನಾಮೆಗೆ ಎಲ್ಲರೂ ಸಹಿ ಮಾಡಿದ ಮೇಲೆ ಜೀಪು ಲಾಕೆಟ್ಟಿನ ಸಮೇತ ಹೋಯಿತು. ಕೀಲಿಕೈ ಮತ್ತೆ ಮೊಳೆಗೆ ಬಂತು.

ಮಾಯಾ ಎಮ್ಮೆಗೆ ನೀರು ಕುಡಿಸಲು ಹಿತ್ತಲಿಗೆ ಹೋದಳು. ಹನುಮೇಶ ಕೀಲಿಕೈ ಎಳೆದುಕೊಂಡ.

ಹಾಳೆ ಮೇಲೆಯೇ ಸಿಕ್ಕಿತು. ಅರಣ್ಯ ಇಲಾಖೆಯ ಪರೀಕ್ಷೆಯ ಹಾಲ್ ಟಿಕೆಟ್, ಮುಂದಿನ ತಿಂಗಳದ್ದು. ಮಾಯಾಳ ಫೋಟೋ, ಅದರ ಕೆಳಗೆ ಗಂಡನ ಹೆಸರಿನ ಜಾಗದಲ್ಲಿ ಅವನದೇ ಹೆಸರು. ಅಷ್ಟಕ್ಕೆ ಬಿಟ್ಟಿದ್ದರೆ ಬದುಕುತ್ತಿದ್ದ. ಇದಿಷ್ಟೇ ಇರಲಿಕ್ಕಿಲ್ಲ ಎಂದು ಸೀರೆ ಕೊಡವಿದ, ಪುಸ್ತಕದ ಹಾಳೆ ಹಾಳೆ ತಿರುವಿದ, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪೇಪರನ್ನೂ ಕಿತ್ತ. ಲೋಹಿತನದೊಂದು ಅಕ್ಷರವೂ ಸಿಗಲಿಲ್ಲ. ತಲೆಯೆತ್ತಿದಾಗ ಮಾಯಾ ಬಾಗಿಲಲ್ಲಿ ನಿಂತಿದ್ದಳು.

"ಅಂವಗ ಹೇಳಿದಿ, ನನಗ ಹೇಳಲಿಲ್ಲ," ಅಂದ.

"ಅವರಿಗೂ ಹೇಳಿಲ್ಲ. ಇವತ್ತ ಕಂಡ್ರು. ಪಾಸಾದ ಮ್ಯಾಲೆ ಎಲ್ಲಾರಕಿಂತ ಮೊದಲ ನಿಮಗ ಹೇಳಬೇಕಂತ ಇದ್ದೆ."

"ನಾ ನಿನ್ನ ಗಂಡ ಅದೇನಿ. ನೋಡಬಾರದೇನು?"

"ನೋಡಬಹುದಿತ್ತು. ಅದಕ್ಕ ಹತ್ತು ವರ್ಷ ಕೀಲಿಕೈ ಮೊಳಿಗೆ ಹಾಕಿದ್ದೆ." ಅವಳ ದನಿ ಏರಲಿಲ್ಲ. "ಅವರ ಕಡೆ ಕಾಯ್ದೆ ಇತ್ತು. ಆದ್ರೂ ಕೇಳಿ ತಗದ್ರು. ನೀವು ಕೇಳಲಿಲ್ಲ."

ಅವಳು ಕೆಳಗೆ ಕೂತು ಒಂದೊಂದೇ ಸೀರೆ ಮಡಚಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಹನುಮೇಶ ಸಹಾಯಕ್ಕೆ ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ.

ಪರೀಕ್ಷೆಯ ದಿನ ಅವನು ಬೆಳಗ್ಗೆಯೇ ಬೈಕು ತೊಳೆದು ಅಂಗಳದಲ್ಲಿ ನಿಲ್ಲಿಸಿದ. "ಕೆಲಗೇರಿ ಮ್ಯಾಲಿಂದ ಹೋಗೂಣು. ಕೆರಿ ನೋಡಿದಂಗ ಆಗತೈತಿ," ಅಂದ. ಈ ಮಾತನ್ನು ಅವನು ರಾತ್ರಿಯಿಂದ ಕೂಡಿಸಿಟ್ಟಿದ್ದ.

"ಬಸ್ಸಿಗೆ ಹೊಂಟೇನಿ. ನೀಲಾಗ ಊಟಕ್ಕ ಮಾಡಿಟ್ಟೇನಿ, ಹಾಕ್ರಿ," ಅಂದು ಮಾಯಾ ಚಪ್ಪಲಿ ಮೆಟ್ಟಿದಳು.

ಅವಳು ಹೋದ ಮೇಲೆ ಹನುಮೇಶ ಅಡುಗೆಮನೆಗೆ ಬಂದ. ಬಾಗಿಲ ಹಿಂದಿನ ಮೊಳೆ ಅಂದಿನಿಂದಲೂ ಖಾಲಿಯೇ ಇತ್ತು.