ಪುಸ್ತಕದಲ್ಲಿಲ್ಲದ ಬುಧವಾರ

ನನ್ನ ತಂಗಿಗೆ ಮೂವತ್ತೈದು ವರ್ಷ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಟೈಪ್ ಮಾಡುವ ಕೆಲಸ. ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯುತ್ತೇನೆಂದು ಅವಳು ಹಟ ಹಿಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮೊದಲೇ ಮಾತಿನ ಮಲ್ಲಿ, ಇನ್ನು ಲಾಯರೂ ಆದರೆ ನಾವು ಮನೆ ಬಿಡಬೇಕಾದೀತು ಎಂದಿದ್ದೆ.

ಆ ಪರೀಕ್ಷೆಯಲ್ಲಿ ಕಾನೂನೇ ಇರುವುದಿಲ್ಲವಂತೆ. ಯಾರೋ ಒಂದು ವಾದ ಹೂಡಿರುತ್ತಾರೆ, ಅದು ಎಲ್ಲಿ ಕುಸಿಯುತ್ತದೆ ಎಂದು ಹೇಳಬೇಕು. ದಿನಾ ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಗಡಿಯಾರವಿಟ್ಟುಕೊಂಡು ನನ್ನ ಕೈಲಿ ಪ್ರಶ್ನೆ ಓದಿಸುತ್ತಿದ್ದಳು. ಒಂದು ಪ್ರಶ್ನೆ ಹೀಗಿತ್ತು: ಒಂದೂರಿನಲ್ಲಿ ಬೀದಿದೀಪಗಳನ್ನು ಹೆಚ್ಚಿಸಿದರು. ಆ ವರ್ಷ ಠಾಣೆಗೆ ಬಂದ ಕಳ್ಳತನದ ದೂರು ಎರಡು ಪಟ್ಟಾಯಿತು. ಆದ್ದರಿಂದ ಬೆಳಕಿನಿಂದ ಕಳ್ಳರಿಗೇ ಅನುಕೂಲ. ಓದುತ್ತಲೇ ನನಗೆ ರೇಗಿತು. ದೀಪ ಹಾಕಿದ್ದೇ ಸುಳ್ಳು, ಲೆಕ್ಕದಲ್ಲಿ ತೋರಿಸಿರುತ್ತಾರೆ ಅಷ್ಟೇ ಎಂದು ಕೂಗಾಡಿದೆ.

"ಅಣ್ಣಾ, ಸಂಗತಿಯನ್ನೆಲ್ಲ ನಿಜ ಅಂತ್ಲೇ ಒಪ್ಕೊ," ಎಂದಳು. "ಸಂಗತಿಯಿಂದ 'ಆದ್ದರಿಂದ'ಕ್ಕೆ ಹಾರ್ತಾರಲ್ಲ, ಆ ಜಾಗ ನೋಡು. ದೂರು ಬೇರೆ, ಕಳ್ಳತನ ಬೇರೆ. ಮೊದಲು ಕತ್ತಲಲ್ಲಿ ಯಾರಿಗೂ ಕಾಣ್ತಿರಲಿಲ್ಲ, ಈಗ ಕಾಣುತ್ತೆ, ದೂರು ಕೊಡ್ತಾರೆ."

ಗಡಿಯಾರ ನೋಡಿದೆ. ಅರ್ಧ ನಿಮಿಷವೂ ಆಗಿರಲಿಲ್ಲ. ಒಂದಾದ ಮೇಲೊಂದು ಇಪ್ಪತ್ತು ವಾದ ಓದಿದೆ. ಪ್ರತಿಯೊಂದರಲ್ಲೂ ಅವಳ ಪೆನ್ಸಿಲ್ಲಿನ ಮೊನೆ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು, "ಇಲ್ಲಿ". ನಾನು ನಂಬಿ ತಲೆಯಾಡಿಸಿದ್ದೆಲ್ಲ ಅವಳು ಮುಟ್ಟಿದ ಕೂಡಲೇ ಬಿದ್ದುಹೋಗುತ್ತಿತ್ತು. ಜಡೆ ಹಾಕಲು ಬಾರದೆ ಅಳುತ್ತಿದ್ದ ಹುಡುಗಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಬೆಪ್ಪಾಗಿ ಕೂತೆ. ಹೊಗಳಲು ಬಾಯಿ ಬರಲಿಲ್ಲ; ಕಾಫಿ ಆರುತ್ತಿದೆ ಕುಡಿ ಎಂದು ಗದರಿದೆ.

ನನ್ನದು ಲಿಫ್ಟ್ ರಿಪೇರಿ. ಜೊತೆಗೆ ಕೆಲಸ ಮಾಡುವವರು ಉದ್ದಣ್ಣ. ಆಳು ನನ್ನ ಭುಜದಷ್ಟೂ ಇಲ್ಲ, ಅದಕ್ಕೇ ಆ ಹೆಸರು. ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರೇ ಅವರು. ಅವಳ ಪರೀಕ್ಷೆಗೆ ಮೂರು ದಿನವಿದ್ದಾಗ, ಗುರುವಾರ, ನಮ್ಮ ಸುಪರ್ದಿನ ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ತುಂಬಿದ ಲಿಫ್ಟ್ ಬಾಗಿಲು ತೆರೆದ ಮೇಲೆ ಅರ್ಧ ಅಂತಸ್ತು ಜಾರಿತು. ಹೊರಗೆ ಕಾಲಿಡುತ್ತಿದ್ದ ಹೆಂಗಸೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಸೋಮವಾರದೊಳಗೆ ವರದಿ ಕೊಡು, ತಪ್ಪು ಯಾರದೋ ಅವರು ಮನೆಗೆ ಎಂದರು ಆಫೀಸಿನವರು.

ಶನಿವಾರ ಸಂಜೆ ಅದೇ ಮೇಜಿನ ಮೇಲೆ ವರದಿ ಬರೆದೆ. ಮಂಗಳವಾರ ಬ್ರೇಕ್ ನೋಡಿದವರು ಉದ್ದಣ್ಣ, ಸರ್ವಿಸ್ ಪುಸ್ತಕದಲ್ಲಿ ಅವರದೇ ಸಹಿ. ಅದಾದ ಮೇಲೆ ಅಪಘಾತದವರೆಗೆ ಪುಸ್ತಕದಲ್ಲಿ ಬೇರೆ ಸಹಿಯಿಲ್ಲ. ಗುರುವಾರ ಲಿಫ್ಟ್ ಜಾರಿದ ಮೇಲೆ, ಬ್ರೇಕ್ ಇರುವ ಮೆಷಿನ್ ರೂಮಿಗೆ ಮೊದಲು ಹೋದವರೂ ಅವರೇ. ನಾನು ತಲುಪುವಷ್ಟರಲ್ಲಿ ಬ್ರೇಕ್ ಸರಿಯಾಗಿ ಹಿಡಿಯುತ್ತಿತ್ತು. ಏನು ಮಾಡಿದಿರಿ ಎಂದರೆ ತುಟಿ ಬಿಚ್ಚಲಿಲ್ಲ. ಆದ್ದರಿಂದ ಮಂಗಳವಾರ ಸಡಿಲ ಬಿಟ್ಟು, ಗುರುವಾರ ಗುಟ್ಟಾಗಿ ಬಿಗಿ ಮಾಡಿದ್ದಾರೆ. ಗುರುವಿನ ಮೇಲೆ ಹೀಗೆ ಬರೆಯಲು ಸಂಕಟವಾಯಿತು, ನಿಜ. ಆದರೆ ಕೋಪ ಅದಕ್ಕಿಂತ ಹೆಚ್ಚಿತ್ತು.

ನಾಳೆಯ ಪರೀಕ್ಷೆಗೆ ಪೆನ್ಸಿಲ್ ಚೂಪು ಮಾಡುತ್ತಿದ್ದ ತಂಗಿ, ಇದನ್ನೂ ಒಂದು ಪ್ರಶ್ನೆ ಅಂತ ಓದಲೇ ಎಂದು ಕೇಳಿದಳು. ಓದು ಮಹರಾಯ್ತಿ, ಇದರಲ್ಲಿ ಸೂಜಿ ತೂರುವಷ್ಟೂ ಜಾಗವಿಲ್ಲ ಎಂದೆ. ಅವಳು ಓದಿದಳು. ಪೆನ್ಸಿಲ್ಲಿನ ಮೊನೆ ಹೋಗಿ ನಿಂತಿತು.

"ಇಲ್ಲಿ. ಪುಸ್ತಕದಲ್ಲಿ ಬೇರೆ ಸಹಿಯಿಲ್ಲ ಅಂತೀಯ. ಬ್ರೇಕ್ ಮುಟ್ಟಿದವರೆಲ್ಲ ಪುಸ್ತಕದಲ್ಲಿ ಬರೀತಾರಾ?"

ಬರೆಯಲೇಬೇಕು ಎಂದೆ. ನಿಯಮ ಕೇಳಲಿಲ್ಲ, ನೀವು ಮಾಡೋದು ಕೇಳಿದೆ ಎಂದಳು. ಸರ್ವಿಸ್ ಆದರೆ ಬರೆಯುತ್ತೇವೆ, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ, ಅದನ್ನು ಯಾರೂ ಬರೆಯುವುದಿಲ್ಲ ಎಂದೆ. ಹೇಳುತ್ತಿದ್ದಂತೆ ಬುಧವಾರ ನೆನಪಾಯಿತು.

ಬುಧವಾರ ಮಧ್ಯಾಹ್ನ ಅದೇ ಲಿಫ್ಟಿನೊಳಗೆ, ಐದನೆಯ ಅಂತಸ್ತಿನಲ್ಲಿ, ಅಜ್ಜಿಯೊಬ್ಬರು ಸಿಕ್ಕಿಕೊಂಡಿದ್ದರು. ಹೋದವನು ನಾನು. ಮೆಷಿನ್ ರೂಮಿನ ಗೋಡೆಯ ಮೊಳೆಯಲ್ಲಿ ನೇತುಹಾಕಿರುವ ಕೆಂಪು ಹ್ಯಾಂಡಲನ್ನು ಬ್ರೇಕಿಗೆ ತೂರಿಸಿ, ಕೈಯಿಂದ ಸಡಿಲಿಸಿ ಲಿಫ್ಟ್ ಇಳಿಸಿದ್ದೆ. ಅಜ್ಜಿ ಅಳುತ್ತಿದ್ದಾರೆಂದು ಕೆಳಗೆ ಓಡಿದ್ದೆ. ಹ್ಯಾಂಡಲ್ ತೆಗೆದೆನೇ? ತೆಗೆಯದಿದ್ದರೆ ಅದರ ಭಾರಕ್ಕೇ ಬ್ರೇಕ್ ಪೂರ್ತಿ ಕಚ್ಚುವುದಿಲ್ಲ; ಒಬ್ಬಿಬ್ಬರಿದ್ದರೆ ಗೊತ್ತಾಗುವುದಿಲ್ಲ, ಲಿಫ್ಟ್ ತುಂಬಿದಾಗ ಜಾರುತ್ತದೆ. ಎಷ್ಟು ನೆನಪಿಸಿಕೊಂಡರೂ ಅದನ್ನು ಮೊಳೆಗೆ ಹಾಕಿದ ಕೈ ನೆನಪಿಗೆ ಬರಲಿಲ್ಲ.

ಲಿಫ್ಟಿನ ಗಂಧಗಾಳಿ ಗೊತ್ತಿಲ್ಲದವಳು, ಆ ಕಟ್ಟಡದ ಮೆಟ್ಟಿಲು ಹತ್ತದವಳು, ಅಡುಗೆಮನೆಯಲ್ಲಿ ಕೂತು ನನ್ನ ಬುಧವಾರವನ್ನು ಹೊರಗೆಳೆದಿದ್ದಳು. ನನಗೆ ಭಯವಾಯಿತು, ನಾಚಿಕೆಯಾಯಿತು, ಅದಕ್ಕೂ ಮೀರಿ ಅವಳ ಮುಂದೆ ಎದ್ದು ನಿಲ್ಲಬೇಕೆನ್ನಿಸಿತು. ಅವಳು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ವರದಿ ಹರಿದು ಮತ್ತೆ ಬರೆದೆ. ಕೆಲಸ ಹೋಗುವುದಾದರೆ ಈಗ ನನ್ನದೇ.

ಭಾನುವಾರ ಬೆಳಿಗ್ಗೆ ಅವಳನ್ನು ಪರೀಕ್ಷೆಯ ಗೇಟಿನಲ್ಲಿ ಬಿಟ್ಟು ನೇರ ಮೆಷಿನ್ ರೂಮಿಗೆ ಹೋದೆ. ಉದ್ದಣ್ಣ ಸ್ಟೂಲಿನ ಮೇಲೆ ನಿಂತು ಗ್ರೀಸ್ ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಇಳಿದು ಬಟ್ಟೆಯಿಂದ ಕೈ ಒರೆಸಿಕೊಂಡರು.

"ಗುರುವಾರ ನಾನು ಬಂದಾಗ ಹ್ಯಾಂಡಲ್ ಬ್ರೇಕಿನಲ್ಲೇ ಇತ್ತು," ಎಂದರು. "ತೆಗೆದು ಮೊಳೆಗೆ ಹಾಕ್ದೆ. ಬುಧವಾರ ಅಜ್ಜೀನ ಇಳಿಸಿದೋನು ನೀನು ಅಂತ ಗೊತ್ತಿತ್ತು, ನೀನೇ ಬಂದು ಹೇಳ್ತೀಯ ಅಂತ ಸುಮ್ನಿದ್ದೆ."

ನಾನು ಹೇಳದೇ ಇದ್ದಿದ್ದರೆ ಎಂದು ಕೇಳಿದೆ. ಅವರು ನಿಜವಾಗಿಯೂ ತಬ್ಬಿಬ್ಬಾದರು. ಅದನ್ನು ಯೋಚಿಸಿರಲೇ ಇಲ್ಲ ಎಂದರು.

ನಾನು ಅವರನ್ನು ಮನೆಗೆ ಕಳಿಸುವ ಮಾತುಗಳನ್ನು ಬರೆದಿದ್ದೆ; ಅವರು ಮೂರು ದಿನದಿಂದ ನನ್ನ ಬಾಯಿಂದ ನಿಜ ಬರುತ್ತದೆಂದು ಕಾಯುತ್ತಿದ್ದರು. ಸರ್ವಿಸ್ ಪುಸ್ತಕ ತೆಗೆದು ಬುಧವಾರದ ದಿನಾಂಕ, ವೇಳೆ, ಹ್ಯಾಂಡಲ್ ಬಿಟ್ಟು ಬಂದದ್ದು, ಎಲ್ಲ ಬರೆದು ಸಹಿ ಹಾಕಿದೆ. ಬಲ್ಬಿನ ಬೆಳಕು ಸಾಲದೆಂದು ಅವರು ಟಾರ್ಚ್ ಹಿಡಿದಿದ್ದರು. ಪುಸ್ತಕ ಮುಚ್ಚಲು ಹೋದಾಗ ನನ್ನ ಕೈ ತಡೆದು ಪೆನ್ನು ತೆಗೆದುಕೊಂಡರು.

"ಗುರುವಾರ ಅದನ್ನ ತೆಗೆದು ಮುಚ್ಚಿಟ್ಟೋನು ನಾನಲ್ವ," ಎನ್ನುತ್ತಾ ಕೆಳಗಿನ ಸಾಲಿನಲ್ಲಿ ತಮ್ಮ ತಪ್ಪನ್ನು ಬರೆದರು.